ವೃತ್ತಿಶ್ಲೇಷವೂ ನಗೆಯ ನೀತಿಯೂ

ಭರತಮುನಿಯು ಎಣಿಸಿದ ಎಂಟು ರಸಗಳಲ್ಲಿ ಹಾಸ್ಯವು ಶೃಂಗಾರದ ಮಗ್ಗುಲಲ್ಲಿಯೇ ಸ್ಥಾನ ಪಡೆದಿದ್ದರೂ, ನಮ್ಮ ಕಾವ್ಯಮೀಮಾಂಸೆಯ ಗ್ರಂಥಗಳಲ್ಲಿ ಅದಕ್ಕೆ ದೊರೆತ ವಿವೇಚನೆ ಸ್ವಲ್ಪವೇ ಎನ್ನಬೇಕು. ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂದು ನಗೆಯ ಆರು ಬಗೆಗಳನ್ನು ಹೇಳಿ, ಉತ್ತಮ ಮಧ್ಯಮ ಅಧಮ ಪ್ರಕೃತಿಯವರಿಗೆ ಎರಡೆರಡರಂತೆ ಹಂಚಿಕೊಟ್ಟು, ಈ ರಸವು ಹೆಚ್ಚಾಗಿ ಸ್ತ್ರೀಯರಲ್ಲಿಯೂ ನೀಚಪಾತ್ರಗಳಲ್ಲಿಯೂ ಕಾಣಬರುತ್ತದೆಯೆಂದು ನಾಟ್ಯಶಾಸ್ತ್ರವು ತೀರ್ಮಾನಿಸಿತು. ಅದೇ ಗ್ರಂಥವು ಹಾಸ್ಯಕ್ಕೆ ಬಿಳಿಯ ವರ್ಣವನ್ನೂ ಪ್ರಮಥರ ಅಧಿದೈವತವನ್ನೂ ಹೇಳಿತು. ನೀಚರಲ್ಲಿ ನೆಲೆಸುವ ರಸಕ್ಕೆ ಶಿವನ ಗಣಗಳೇ ದೇವತೆಗಳು! ಈ ಎರಡು ಮಾತುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದವರು ವಿರಳ. ಹನ್ನೆರಡನೆಯ ಶತಮಾನದ ಕನ್ನಡ ನಾಡಿನಲ್ಲಿ, ಮೇಲಿನವರು ಕೀಳೆಂದು ಕರೆದ ಕಸುಬಿನ ಜನರೇ ಪ್ರಮಥಗಣಗಳೆನಿಸಿಕೊಂಡು ಮಾತನಾಡತೊಡಗಿದಾಗ ಈ ಸಾಮೀಪ್ಯಕ್ಕೆ ಹೊಸದೊಂದು ಅರ್ಥ ಬಂದಿತು. ಕಸುಬಿನ ಪದಗಳನ್ನು ಹಿಡಿದು ಹುಟ್ಟುವ ನಗೆ ಹೇಗೆ ಕೆಲಸಮಾಡುತ್ತದೆ, ಆ ನಗೆ ಯಾರದು, ಯಾರ ಮೇಲಣದು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಒಂದೇ ಶಬ್ದವು ಎರಡು ಅರ್ಥಗಳನ್ನು ಅಂಟಿಸಿಕೊಂಡು ಬರುವುದು ಶ್ಲೇಷ. ಕವಿರಾಜಮಾರ್ಗದಿಂದ ಮೊದಲ್ಗೊಂಡು ಕನ್ನಡ ಲಾಕ್ಷಣಿಕರು ಇದನ್ನು ಅಲಂಕಾರಗಳ ಸಾಲಿನಲ್ಲಿ ಮನ್ನಿಸಿಕೊಂಡೇ ಬಂದಿದ್ದಾರೆ. ಪದವನ್ನು ಒಡೆಯದೆಯೇ ಎರಡರ್ಥ ಹೊಮ್ಮಿದರೆ ಅಭಂಗವೆಂದೂ, ಒಡೆದಾಗ ಎರಡನೆಯ ಅರ್ಥ ಹೊರಬಿದ್ದರೆ ಸಭಂಗವೆಂದೂ ವಿಭಾಗವುಂಟು. ಒಂಬತ್ತನೆಯ ಶತಮಾನದ ರುದ್ರಟನು ವಕ್ರೋಕ್ತಿಯನ್ನು ಶ್ಲೇಷಮೂಲ, ಕಾಕುಮೂಲವೆಂದು ಎರಡಾಗಿ ವಿಂಗಡಿಸಿದನು. ಒಬ್ಬನು ಒಂದರ್ಥದಲ್ಲಿ ಆಡಿದ ಮಾತನ್ನು ಇನ್ನೊಬ್ಬನು ಬೇಕೆಂದೇ ಬೇರೊಂದರ್ಥದಲ್ಲಿ ಹಿಡಿದು ಉತ್ತರ ಕೊಡುವುದೇ ಶ್ಲೇಷವಕ್ರೋಕ್ತಿ. ಬಾಗಿಲಿಗೆ ಬಂದ ಶಿವನು ತಾನು ಶೂಲಿಯೆಂದಾಗ, ಶೂಲೆಯಿದ್ದರೆ ವೈದ್ಯನನ್ನು ಹುಡುಕಿಕೊಂಡು ಹೋಗೆಂದು ಗಿರಿಜೆ ಹೇಳುವ ಸಂಸ್ಕೃತದ ಸರಸಸಂಭಾಷಣೆ ವಿದ್ವಾಂಸರಿಗೆಲ್ಲ ಪರಿಚಿತವಾದುದು. ಅಲ್ಲಿ ನಗೆ ಹುಟ್ಟುವುದು ಆಯುಧಧಾರಿಯಾದ ದೇವನು ಒಂದೇ ನುಡಿಯಲ್ಲಿ ರೋಗಿಯಾಗಿಬಿಡುವುದರಿಂದ. ಇಷ್ಟನ್ನು ಪೀಠಿಕೆಯಾಗಿ ಇಟ್ಟುಕೊಂಡು ವೃತ್ತಿಶ್ಲೇಷದ ಕ್ರಮವನ್ನು ನೋಡೋಣ.

೧

ವೃತ್ತಿಯ ಪದಗಳು ನಗೆಯನ್ನು ಹುಟ್ಟಿಸುವ ರೀತಿಗಳು ಮುಖ್ಯವಾಗಿ ಮೂರು.

ಮೊದಲನೆಯದು, ಕಸುಬಿನ ಸಲಕರಣೆಗೋ ಕ್ರಿಯೆಗೋ ಇರುವ ಹೆಸರು ಲೋಕವ್ಯವಹಾರದಲ್ಲಿ ಬೇರೊಂದು ಅರ್ಥವನ್ನು ಹೊತ್ತಿರುವುದು. ಕನ್ನಡದಲ್ಲಿ ‘ಮದ್ದು’ ವೈದ್ಯನ ಔಷಧವೂ ಹೌದು, ತೋಪಿಗೆ ತುಂಬುವ ಸಿಡಿಪುಡಿಯೂ ಹೌದು. ಹಾಗಾಗಿ ಮದ್ದು ಹಾಕುವವನ ಮುಂದೆ ಕುಳಿತವನಿಗೆ ಸ್ವಲ್ಪ ಅಂಜಿಕೆ ಸಹಜವೇ. ‘ಗುಣ’ವೆಂದರೆ ರೋಗದ ಉಪಶಮನ, ಗುಣವೆಂದರೆ ಸ್ವಭಾವದ ಒಳ್ಳೆಯತನ. ‘ಆ ವೈದ್ಯರ ಬಳಿ ಆರು ತಿಂಗಳು ನಡೆದೆ, ಗುಣ ಕಾಣಲಿಲ್ಲ’ ಎಂದು ಒಬ್ಬನು ಹೇಳಿದರೆ, ದೂರು ರೋಗದ ಮೇಲೋ ವೈದ್ಯರ ಮೇಲೋ ಎಂಬುದು ಕೇಳುವವನ ಬುದ್ಧಿಗೆ ಬಿಟ್ಟದ್ದು. ‘ಹೊಲಿಗೆ’ಯು ಸಿಂಪಿಗನಿಗೂ ಶಸ್ತ್ರವೈದ್ಯನಿಗೂ ಸಮಾನವಾದ ಸೊತ್ತು. ‘ಹಡಪ’ವೆಂಬುದು ಎಲೆಯಡಕೆಯ ಚೀಲಕ್ಕೂ ಕ್ಷೌರಿಕನ ಸಲಕರಣೆಯ ಚೀಲಕ್ಕೂ ಸಲ್ಲುವ ಹೆಸರು. ಇವೆಲ್ಲ ಅಭಂಗಶ್ಲೇಷದ ಗುಂಪಿಗೆ ಸೇರುತ್ತವೆ.

ಎರಡನೆಯದು, ಕಸುಬಿನವನ ಹೆಸರನ್ನೇ ಒಡೆದು ಅದರಲ್ಲಿಲ್ಲದ ಅರ್ಥವನ್ನು ಹೊರಗೆಳೆಯುವುದು. ಅಕ್ಕಸಾಲಿಯು ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆ ನಮ್ಮಲ್ಲಿ ಮನೆಮಾತಾಗಿದೆ. ವಾಸ್ತವವಾಗಿ ಈ ಪದಕ್ಕೂ ಅಕ್ಕನಿಗೂ ಯಾವ ಸಂಬಂಧವೂ ಇಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚಿನ್ನದ ಕೆಲಸ ನಡೆಯುವ ಸ್ಥಳಕ್ಕೆ ‘ಅಕ್ಷಶಾಲೆ’ಯೆಂಬ ಹೆಸರಿದ್ದು, ಅದರ ತದ್ಭವದಿಂದ ಬಂದುದು ಅಕ್ಕಸಾಲೆ. ಧ್ವನಿಯ ಆಕಸ್ಮಿಕವೊಂದು ಗಾದೆಗೆ ಆಧಾರವಾಯಿತು. ಸಂಸ್ಕೃತದಲ್ಲಿ ಲೆಕ್ಕಪತ್ರ ಬರೆಯುವ ಕಾಯಸ್ಥನಿಗೂ ಇದೇ ಗತಿ ಒದಗಿದೆ. ಕಾಗೆಯ ಆಸೆಬುರುಕತನ, ಯಮನ ಕ್ರೌರ್ಯ, ಸ್ಥಪತಿಯ ಕತ್ತರಿಸುವ ಗುಣ, ಈ ಮೂರರ ಮೊದಲಕ್ಷರಗಳನ್ನು ಕೂಡಿಸಿ ಅವನ ಹೆಸರು ಕಟ್ಟಿದರೆಂದು ಸ್ಮೃತಿಗ್ರಂಥವೊಂದು ಹೇಳುತ್ತದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ತನ್ನ ‘ಕಲಾವಿಲಾಸ’ದಲ್ಲಿ ಕಾಯಸ್ಥರನ್ನೂ ಅಕ್ಕಸಾಲಿಗರನ್ನೂ ಬಿಡದೆ ಹಿಡಿದು, ಅವರ ಮೋಸಗಳನ್ನೆಲ್ಲ ‘ಕಲೆ’ಗಳೆಂಬ ಗೌರವದ ಹೆಸರಿನಿಂದ ಎಣಿಸುತ್ತಾನೆ. ಕನ್ನಡ ವಾಚಕನಿಗೆ ಇಲ್ಲಿ ಇನ್ನೊಂದು ಲಾಭವುಂಟು: ನಮ್ಮಲ್ಲಿ ಕಲೆಯೆಂದರೆ ವಿದ್ಯೆಯೂ ಹೌದು, ಬಟ್ಟೆಗೆ ಅಂಟಿದ ಮಚ್ಚೆಯೂ ಹೌದು.

ಮೂರನೆಯದು, ಕಸುಬಿನಿಂದ ಹುಟ್ಟಿ ಲೋಕಕ್ಕೆ ಹರಡಿದ ನುಡಿಗಟ್ಟನ್ನು ಮತ್ತೆ ಕಸುಬಿಗೆ ಹಿಂದಿರುಗಿಸುವುದು. ತಲೆ ಬೋಳಿಸುವುದು, ಗಾಳ ಹಾಕುವುದು, ಬಲೆ ಬೀಸುವುದು, ಬಣ್ಣ ಕಟ್ಟುವುದು ಎಂಬ ನುಡಿಗಟ್ಟುಗಳೆಲ್ಲ ವಂಚನೆಯ ಅರ್ಥದಲ್ಲಿ ಬಳಕೆಯಲ್ಲಿವೆ. ‘ನಾನು ದಿನಕ್ಕೆ ಹತ್ತು ಜನರ ತಲೆ ಬೋಳಿಸುತ್ತೇನೆ, ಆದರೆ ಹೇಳಿಯೇ ಬೋಳಿಸುತ್ತೇನೆ’ ಎಂದು ಕ್ಷೌರಿಕನೊಬ್ಬನು ಬಡ್ಡಿಯ ಸಾಹುಕಾರನ ಎದುರಿಗೆ ಅಂದನೆಂದು ಭಾವಿಸೋಣ. ಲಕ್ಷಣಾರ್ಥದಲ್ಲಿ ಊರೂರು ಅಲೆದ ಮಾತು ವಾಚ್ಯಾರ್ಥದ ಮನೆಗೆ ಹಿಂದಿರುಗಿ, ಜೊತೆಯಲ್ಲಿ ಸಾಹುಕಾರನನ್ನೂ ಎಳೆದುಕೊಂಡು ಬಂದಿತು. ಮೊದಲೆರಡು ರೀತಿಗಳಿಗಿಂತ ಇದು ಸೂಕ್ಷ್ಮವಾದುದು. ಇಲ್ಲಿ ನಗಿಸುವವನು ಕಸುಬುದಾರನೇ ಎಂಬುದು ಗಮನಾರ್ಹ.

೨

ಈ ಮೂರು ರೀತಿಗಳನ್ನು ಬೇರೆಬೇರೆಯಾಗಿ ತೋರಿಸಿದುದು ವರ್ಗೀಕರಣದ ಚಾಪಲ್ಯದಿಂದಲ್ಲ. ಅವುಗಳ ನಡುವೆ ನೀತಿಯ ಭೇದವೊಂದಿದೆ. ಭರತನು ಹಾಸ್ಯವನ್ನು ಆತ್ಮಸ್ಥ, ಪರಸ್ಥವೆಂದು ಎರಡಾಗಿ ಮಾಡಿ, ತಾನೇ ನಗುವುದು ಆತ್ಮಸ್ಥ, ಇನ್ನೊಬ್ಬನನ್ನು ನಗಿಸುವುದು ಪರಸ್ಥವೆಂದನು. ವೃತ್ತಿಹಾಸ್ಯಕ್ಕೆ ಇಷ್ಟು ಸಾಲದು. ನಗೆಯ ಗುರಿಯಾದವನು ಆ ನಗೆಯಲ್ಲಿ ಪಾಲುಗೊಳ್ಳಬಲ್ಲನೇ ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ.

ಅಕ್ಕಸಾಲಿಯ ಗಾದೆಯನ್ನೇ ತೆಗೆದುಕೊಳ್ಳೋಣ. ಪ್ರಾಮಾಣಿಕನಾದ ಒಬ್ಬ ಚಿನ್ನದ ಕೆಲಸದವನು ಅದನ್ನು ಕೇಳಿದಾಗ ಅವನಿಗೆ ಉತ್ತರವಿಲ್ಲ. ಅವನ ಹೆಸರಿನಲ್ಲಿಯೇ ಕಳವು ಅಡಗಿದೆಯೆಂದು ಮಾತು ಸಾಧಿಸಿಬಿಟ್ಟಿದೆ. ನಿಜವಾದ ಶ್ಲೇಷದಲ್ಲಿ ಎರಡರ್ಥಗಳೂ ಜೀವಂತವಾಗಿದ್ದು ಕೇಳುಗನ ಮನಸ್ಸು ಒಂದರಿಂದ ಇನ್ನೊಂದಕ್ಕೆ ತೂಗಾಡುತ್ತದೆ. ಗಾದೆಯಲ್ಲಾದರೋ ಪದವು ಎರಡನೆಯ ಅರ್ಥದಲ್ಲಿ ಮೊಳೆ ಹೊಡೆದಂತೆ ನಿಂತುಬಿಡುತ್ತದೆ. ಇದು ವ್ಯುತ್ಪತ್ತಿಯ ವೇಷ ಹಾಕಿಕೊಂಡ ನಿಂದೆ. ಶ್ಲೇಷವು ಪದವನ್ನು ಸಡಿಲಿಸುತ್ತದೆ, ಕಳ್ಳವ್ಯುತ್ಪತ್ತಿಯು ಮನುಷ್ಯನನ್ನು ಪದಕ್ಕೆ ಕಟ್ಟಿಹಾಕುತ್ತದೆ. ಹುಟ್ಟಿನಿಂದಲೇ ಕಸುಬು ನಿಶ್ಚಯವಾಗುತ್ತಿದ್ದ ಸಮಾಜದಲ್ಲಿ ಕಸುಬಿನ ಹೆಸರು ಜಾತಿಯ ಹೆಸರೂ ಆಗಿತ್ತೆಂಬುದನ್ನು ನೆನೆದರೆ, ಈ ಕಟ್ಟು ಎಷ್ಟು ಬಿಗಿಯಾದುದೆಂಬುದು ವಿದಿತವಾಗುತ್ತದೆ. ಇಂದಿಗೂ ಕೆಲವು ಕಾಯಕಗಳ ಹೆಸರುಗಳು ಬೈಗುಳಗಳಾಗಿ ಬೀದಿಯಲ್ಲಿ ಓಡಾಡುತ್ತಿರುವುದು ಈ ಬಗೆಯ ನಗೆಯ ಶೇಷವೇ. ರಂಗದ ಮೇಲೆ ಅಗಸನೋ ಕ್ಷೌರಿಕನೋ ಕಾಲಿಟ್ಟೊಡನೆ, ಅವನು ಬಾಯಿ ತೆರೆಯುವುದಕ್ಕೆ ಮೊದಲೇ, ನಗೆಯೇಳಬೇಕೆಂದು ಬಯಸುವ ನಾಟಕಕಾರನು ಇಂಥ ಶೇಷವನ್ನು ಬಂಡವಾಳ ಮಾಡಿಕೊಂಡವನು.

ಹಾಗಾದರೆ ವೃತ್ತಿಶ್ಲೇಷವೇ ಹೀನವೆಂದು ತಳ್ಳಿಬಿಡೋಣವೇ? ಕೂಡದು. ಅದೇ ಪದ, ಅದೇ ಎರಡರ್ಥ, ಮಾತನಾಡುವವನು ಬದಲಾದಾಗ ನಗೆಯ ದಿಕ್ಕೇ ಬದಲಾಗುವುದನ್ನು ಶರಣರ ವಾಙ್ಮಯದಲ್ಲಿ ನಾವು ಕಾಣುತ್ತೇವೆ.

೩

ತುಂಗಭದ್ರೆಯ ದಡದ ಚೌಡದಾನಪುರದೊಡನೆ ಹೆಸರು ಬೆಸೆದುಕೊಂಡಿರುವ ಅಂಬಿಗರ ಚೌಡಯ್ಯನು ಬೇರೆ ಇಷ್ಟದೈವದ ಅಂಕಿತವನ್ನಿಟ್ಟುಕೊಳ್ಳದೆ ತನ್ನ ಹೆಸರನ್ನೇ, ಅದೂ ಕಸುಬು ಸಮೇತ, ವಚನದ ಕೊನೆಗೆ ನಿಲ್ಲಿಸಿದವನು. ಅಂಬಿಗನೆಂದು ತನ್ನನ್ನು ಹಗುರವಾಗಿ ಕಾಣುವವರಿಗೆ ಅವನು ಕೊಟ್ಟ ಉತ್ತರದಲ್ಲಿ ‘ಹುಟ್ಟು’ ಎಂಬ ಪದವಿದೆ. ದೋಣಿ ನಡೆಸುವ ಸಾಧನಕ್ಕೆ ಹುಟ್ಟೆಂದು ಹೆಸರು. ಜನ್ಮಕ್ಕೂ ಹುಟ್ಟೆಂದೇ ಹೆಸರು. ನಂಬಿ ಬಂದವನನ್ನು ಒಂದೇ ಹುಟ್ಟಿನಿಂದ ಆಚೆಯ ದಡ ಕಾಣಿಸುವ ಸಾಮರ್ಥ್ಯ ತನ್ನದೆಂಬುದು ಅಲ್ಲಿಯ ತಾತ್ಪರ್ಯ. ಇಲ್ಲಿ ನಗೆ ಎಲ್ಲಿದೆಯೆಂದು ಕೆಲವರು ಕೇಳಬಹುದು. ಅಂಬಿಗನ ಹುಟ್ಟನ್ನು, ಎಂದರೆ ಜನ್ಮವನ್ನು, ಹೀಗಳೆಯಲು ಬಂದವನ ಕೈಗೆ ಅಂಬಿಗನು ತನ್ನ ಹುಟ್ಟನ್ನೇ, ಎಂದರೆ ಕೋಲನ್ನೇ, ಕೊಡುತ್ತಾನೆ. ಕುಲದ ಪ್ರಶ್ನೆಗೆ ಕೋಲಿನ ಉತ್ತರ! ರುದ್ರಟನು ಹೇಳಿದ ಶ್ಲೇಷವಕ್ರೋಕ್ತಿಗೆ ಇದಕ್ಕಿಂತ ಸಾರ್ಥಕವಾದ ಉದಾಹರಣೆ ಪಂಡಿತಕಾವ್ಯಗಳಲ್ಲಿ ಸಿಕ್ಕುವುದು ಕಷ್ಟ. ಹೊಳೆ ದಾಟಬೇಕಾದವನು ಮೇಲ್ಕುಲದವನಾದರೂ ದೋಣಿಯಲ್ಲಿ ಕುಳಿತಷ್ಟು ಹೊತ್ತು ಅಂಬಿಗನ ಹುಟ್ಟಿನ ಅಧೀನದಲ್ಲಿರುತ್ತಾನೆಂಬ ಲೋಕಸತ್ಯವು ಈ ನಗೆಗೆ ಬೆಂಬಲವಾಗಿ ನಿಂತಿದೆ.

ಮಡಿವಾಳನ ಕಾಯಕವನ್ನು ನೋಡಿ. ‘ಮಡಿ’ಯೆಂದರೆ ಒಗೆದ ಬಟ್ಟೆ, ಮಡಿಯೆಂದರೆ ಮುಟ್ಟಬಾರದೆಂಬ ಆಚಾರ. ಬಟ್ಟೆಗೆ ಮಡಿ ಬರುವುದು ಮಡಿವಾಳನ ಕೈಯಿಂದ. ಆದರೆ ಆ ಬಟ್ಟೆಯನ್ನುಟ್ಟವನು ಮಡಿಯಲ್ಲಿರುವಾಗ ಮಡಿವಾಳನು ಅವನ ಹತ್ತಿರ ಸುಳಿಯಬಾರದು. ಮಡಿಯನ್ನು ಮಾಡುವವನೇ ಮಡಿಗೆ ಹೊರಗು. ಈ ವಿಪರ್ಯಾಸವನ್ನು ಯಾವ ಕವಿಯೂ ಕಲ್ಪಿಸಬೇಕಾಗಿಲ್ಲ, ಕನ್ನಡ ಭಾಷೆಯೇ ಅದನ್ನು ಒಂದು ಪದದಲ್ಲಿ ಅಡಗಿಸಿಟ್ಟಿದೆ. ಶರಣರ ಬಟ್ಟೆಗಳನ್ನು ಮಾತ್ರ ಒಗೆಯುವೆನೆಂಬ ವ್ರತ ತೊಟ್ಟ ಮಾಚಯ್ಯನು ಯಾರು ಮಡಿಗೆ ಅರ್ಹರು, ಯಾರು ಅಲ್ಲವೆಂದು ನಿರ್ಣಯಿಸುವ ಅಧಿಕಾರವನ್ನೇ ತನ್ನ ಕಲ್ಲಿನ ಮೇಲಕ್ಕೆ ತಂದುಕೊಂಡನು. ಮಡಿಯ ಯಜಮಾನಿಕೆಯು ಉಟ್ಟವನಿಂದ ಒಗೆದವನಿಗೆ ವರ್ಗವಾಯಿತು. ಇದನ್ನು ಕೇಳಿ ನಗುವವನ ನಗೆ ಅಟ್ಟಹಾಸವಲ್ಲ, ಹಲ್ಲು ಕಾಣದ ಸ್ಮಿತ. ಭರತನು ಉತ್ತಮಪ್ರಕೃತಿಯವರಿಗೆ ಮೀಸಲಿಟ್ಟ ಸ್ಮಿತವನ್ನು ಹುಟ್ಟಿಸಿದವನು ಅವನ ಲೆಕ್ಕದಲ್ಲಿ ಅಧಮಪ್ರಕೃತಿಗೆ ಸೇರಬೇಕಾದವನು.

ಅಂಕಿತಗಳಲ್ಲಿಯೂ ಇಂಥ ಇಮ್ಮಡಿ ಅರ್ಥಗಳುಂಟು. ದನ ಕಾಯುವ ತುರುಗಾಹಿ ರಾಮಣ್ಣನ ಅಂಕಿತದಲ್ಲಿ ‘ಗೋಪತಿನಾಥ’ನೆಂಬ ಹೆಸರು ಬರುತ್ತದೆ. ಗೋವುಗಳ ಒಡೆಯನೆಂದರೆ ದನಗಾಹಿಯ ಯಜಮಾನನೂ ಆದೀತು, ಪಶುಪತಿಯಾದ ಶಿವನೂ ಆದೀತು. ಸೂಳೆ ಸಂಕವ್ವೆಯ ಹೆಸರಿನಲ್ಲಿ ಉಳಿದುಬಂದಿರುವುದು ಒಂದೇ ವಚನ. ಅದರ ಅಂಕಿತ ‘ನಿರ್ಲಜ್ಜೇಶ್ವರ’. ನಾಚಿಕೆಗೆಟ್ಟವಳೆಂದು ಲೋಕವು ಅವಳಿಗೆ ಅಂಟಿಸಿದ ಬೈಗುಳವನ್ನೇ ಅವಳು ತೊಳೆದು, ಲಜ್ಜೆಯ ಎಲ್ಲೆಯನ್ನು ಮೀರಿದ ದೇವನಿಗೆ ಹೆಸರಾಗಿ ಅರ್ಪಿಸಿದ್ದಾಳೆ. ಒಬ್ಬನಿಂದ ‘ಒತ್ತೆ’ ಹಿಡಿದ ಮೇಲೆ ಇನ್ನೊಬ್ಬನ ಒತ್ತೆಯನ್ನು ಹಿಡಿಯಲಾಗದೆಂಬ ತನ್ನ ಕಸುಬಿನ ಕಟ್ಟಳೆಯನ್ನು ಅವಳು ವ್ರತನಿಷ್ಠೆಯ ಮಾತಾಗಿಸುತ್ತಾಳೆ. ಕೊಟ್ಟ ಮಾತಿಗೆ ತಪ್ಪುವ ಕುಲೀನರು ಒತ್ತೆಗೆ ತಪ್ಪದವಳ ಮುಂದೆ ತಲೆ ತಗ್ಗಿಸಬೇಕಾದ ಸನ್ನಿವೇಶವದು. ನಕ್ಕವನ ನಗೆ ಅವನ ಗಂಟಲಲ್ಲಿಯೇ ಸಿಕ್ಕಿಕೊಳ್ಳುವಂತೆ ಮಾಡುವ ಶ್ಲೇಷವಿದು.

ಇನ್ನು ನಗಿಸುವುದನ್ನೇ ಕಾಯಕವಾಗಿ ಕೈಕೊಂಡವನೊಬ್ಬನು ಆ ಸಮೂಹದಲ್ಲಿದ್ದನೆಂಬುದು ನಮ್ಮ ವಿಷಯಕ್ಕೆ ಮುಕುಟಪ್ರಾಯವಾದ ಸಂಗತಿ. ಅವನೇ ನಗೆಯ ಮಾರಿತಂದೆ. ಮಾರಿ ಎಂಬುದು ಹೆಸರು, ತಂದೆಯೆಂಬುದು ಗೌರವ. ಆದರೆ ಕನ್ನಡ ಕಿವಿಗೆ ಅದು ಇನ್ನೊಂದು ವಾಕ್ಯವಾಗಿಯೂ ಕೇಳಿಸುತ್ತದೆ: ನಗೆಯನ್ನು ಮಾರಿ ತಂದೆ. ಪೇಟೆಯಿಂದ ಮನೆಗೆ ಬಂದ ವ್ಯಾಪಾರಿಯೊಬ್ಬನು ತನ್ನ ದಿನದ ದುಡಿಮೆಯ ಲೆಕ್ಕವನ್ನೊಪ್ಪಿಸಿದಂತಿದೆ. ಇದು ವ್ಯುತ್ಪತ್ತಿಯಲ್ಲ, ಶ್ಲೇಷವೇ. ಇದನ್ನು ವ್ಯುತ್ಪತ್ತಿಯೆಂದು ಸಾಧಿಸಹೊರಟರೆ ಅಕ್ಕಸಾಲಿಯ ಗಾದೆಯವರ ತಪ್ಪನ್ನೇ ನಾವೂ ಮಾಡಿದಂತಾಗುತ್ತದೆ. ಇದೇ ಕಿವಿಯಿಂದ ಕೇಳಿದರೆ ಮೋಳಿಗೆಯ ಮಾರಯ್ಯನ ಹೆಸರು ಕಟ್ಟಿಗೆಯ ಹೊರೆಯನ್ನು ಮಾರುವವನಿಗೆ ತಕ್ಕುದಾಗಿಯೇ ಇದೆ. ಆಯ್ದಕ್ಕಿ ಮಾರಯ್ಯನ ಹೆಸರಿನಲ್ಲಾದರೋ ವಿನೋದವು ತಿರುವುಮುರುವಾಗುತ್ತದೆ. ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹೆಂಡತಿ ಲಕ್ಕಮ್ಮನ ಮಾತಿನಂತೆ ಇದ್ದಲ್ಲಿಗೇ ಹಿಂದಿರುಗಿಸಿ ಬಂದವನು ಅವನು. ಅಕ್ಕಿಯನ್ನು ಮಾರದ ಮಾರಯ್ಯ! ಹೆಸರು ಮತ್ತು ನಡತೆಗಳ ನಡುವಣ ಈ ಅಂತರದಲ್ಲಿ ಸುಳಿಯುವ ನಗೆಗೆ ಯಾರೂ ಬಲಿಯಾಗುವುದಿಲ್ಲ.

ನಗೆಯ ಮಾರಿತಂದೆಯ ಅಂಕಿತ ‘ಆತುರವೈರಿ ಮಾರೇಶ್ವರ’. ಕನ್ನಡದಲ್ಲಿ ಆತುರವೆಂದರೆ ಅವಸರ, ಸಂಸ್ಕೃತದಲ್ಲಿ ಆತುರನೆಂದರೆ ರೋಗಿ. ಅವಸರದ ಹಗೆಯಾದ ದೇವನನ್ನು ನಗೆಗಾರನು ಒಲಿದುದು ಉಚಿತವೇ. ನಗಿಸುವವನಿಗೆ ಎಲ್ಲಕ್ಕಿಂತ ಮೊದಲು ಬೇಕಾದುದು ಮಾತು ಹಣ್ಣಾಗುವವರೆಗೆ ಕಾಯುವ ತಾಳ್ಮೆ.

೪

ಈಗ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ಕಾಯಕಶರಣರ ವಚನಗಳಲ್ಲಿ ಬರುವ ಕಸುಬಿನ ಪದಗಳೆಲ್ಲ ರೂಪಕಗಳೇ ಹೊರತು ಶ್ಲೇಷಗಳಲ್ಲ, ಅವುಗಳ ಗುರಿ ಅನುಭಾವವೇ ಹೊರತು ಹಾಸ್ಯವಲ್ಲ ಎಂದು ಹೇಳುವವರಿದ್ದಾರೆ. ವ್ಯಾಖ್ಯಾನಗಳಲ್ಲಿ ಸಾಮಾನ್ಯವಾಗಿ ಅನುಸರಿಸುವ ಪದ್ಧತಿಯೂ ಇದೇ: ದೋಣಿಯೆಂದರೆ ದೇಹ, ಹೊಳೆಯೆಂದರೆ ಸಂಸಾರ, ಗಾಣವೆಂದರೆ ಮನಸ್ಸು ಎಂದು ಒಂದೊಂದು ಪದಕ್ಕೂ ಸಮೀಕರಣ ಬರೆದು ಮುಗಿಸುವುದು.

ಈ ಪದ್ಧತಿಯಿಂದ ಆಗುವ ನಷ್ಟವನ್ನು ಮನಗಾಣಬೇಕು. ರೂಪಕದಲ್ಲಿ ಉಪಮಾನವು ಉಪಮೇಯದ ಸೇವಕ. ಅರ್ಥ ಸಿದ್ಧಿಸಿದ ಮೇಲೆ, ಮಾಳಿಗೆಗೆ ಹತ್ತಿದವನು ಏಣಿಯನ್ನು ಮರೆಯುವಂತೆ, ದೋಣಿಯನ್ನೂ ಗಾಣವನ್ನೂ ನಾವು ಮರೆಯುತ್ತೇವೆ. ಅಂಬಿಗನು ಜ್ಞಾನಿಯಾದನು, ಆದರೆ ಅಂಬಿಗನಾಗಿ ಉಳಿಯಲಿಲ್ಲ. ಶ್ಲೇಷದಲ್ಲಿ ಹಾಗಲ್ಲ. ಅಲ್ಲಿ ಎರಡರ್ಥಗಳಿಗೂ ಸಮಾನವಾದ ಹಕ್ಕಿದೆ. ‘ಹುಟ್ಟು’ ಜನ್ಮವಾದ ಮೇಲೂ ಕೋಲಾಗಿಯೇ ಉಳಿದಿದೆ, ಅಂಗೈಯಲ್ಲಿ ಜಡ್ಡು ಬೀಳಿಸುತ್ತದೆ. ಕಸುಬನ್ನು ಬಿಟ್ಟು ಸತ್ಯವನ್ನು ಹುಡುಕದೆ ಕಸುಬಿನಲ್ಲಿಯೇ ಅದನ್ನು ಕಾಣಬೇಕೆಂಬ ಕಾಯಕತತ್ತ್ವಕ್ಕೆ ಹೊಂದುವ ಅಲಂಕಾರವು ರೂಪಕಕ್ಕಿಂತ ಹೆಚ್ಚಾಗಿ ಶ್ಲೇಷವೇ ಎಂದು ನಮ್ಮ ಅಭಿಪ್ರಾಯ. ಹರಿಹರನ ‘ಕುಂಬಾರ ಗುಂಡಯ್ಯನ ರಗಳೆ’ಯಲ್ಲಿ ಗುಂಡಯ್ಯನು ಮಡಕೆಯನ್ನು ಬಡಿದ ನಾದಕ್ಕೆ ಶಿವನು ಕುಣಿಯುತ್ತಾನೆ. ಘಟವು ಮಡಕೆಯೂ ಹೌದು, ವಾದ್ಯವೂ ಹೌದು, ಶರೀರವೂ ಹೌದು. ಅಲ್ಲಿ ಕುಂಬಾರನು ಮಡಕೆಯನ್ನು ಬದಿಗಿಟ್ಟು ಮೃದಂಗವನ್ನು ಎತ್ತಿಕೊಳ್ಳಬೇಕಾಗಲಿಲ್ಲ, ಶಿವನೇ ಕುಂಬಾರನ ಅಂಗಳಕ್ಕೆ ಇಳಿದು ಬರಬೇಕಾಯಿತು. ಜಗದೊಡೆಯನು ಮಡಕೆಯ ತಾಳಕ್ಕೆ ಹೆಜ್ಜೆ ಹಾಕುವುದನ್ನು ಕಂಡು ಮುಖ ಗಂಟಿಕ್ಕಿಕೊಂಡು ಓದುವವನಿಗೆ ಆ ರಗಳೆ ಅರ್ಧವೇ ದಕ್ಕಿದೆಯೆನ್ನಬೇಕು.

ಹಾಗೆಂದು ಕಾಯಕದ ವಚನಗಳೆಲ್ಲವೂ ಈ ದೃಷ್ಟಿಯಿಂದ ಯಶಸ್ವಿಯಾಗಿವೆಯೆಂದು ಹೊಗಳುವುದು ವಿಮರ್ಶೆಯಾಗದು. ವೈದ್ಯ ಸಂಗಣ್ಣನ ವಚನಗಳಲ್ಲಿ ವಾತ ಪಿತ್ತ ಶ್ಲೇಷ್ಮಗಳೂ ರೋಗ ಮದ್ದುಗಳೂ ಒಂದರ ಹಿಂದೊಂದು ಬಂದು, ಪ್ರತಿಯೊಂದಕ್ಕೂ ತತ್ತ್ವದ ಸಮಾನಪದವನ್ನು ಹೊಂದಿಸುವ ಶ್ರಮವೇ ಹಲವು ವೇಳೆ ಮುಂದಾಗುತ್ತದೆ. ತುರುಗಾಹಿ ರಾಮಣ್ಣನಲ್ಲಿಯೂ ಪಶುಗಳ ಎಣಿಕೆ ಬೆಡಗಾಗಿ ಬಿಗಿದುಕೊಳ್ಳುವ ಕಡೆಗಳಿವೆ. ಪಟ್ಟಿಯು ಉದ್ದವಾದಷ್ಟೂ ನಗೆ ಗಿಡ್ಡವಾಗುತ್ತದೆ. ಶ್ಲೇಷಕ್ಕೆ ಒಂದೇ ಪದ ಸಾಕು. ಹತ್ತು ಪದಗಳಿಗೂ ಎರಡೆರಡರ್ಥ ಹಚ್ಚಿದಾಗ ಅದು ಲೆಕ್ಕಪುಸ್ತಕವಾಗುತ್ತದೆ. ಈ ಮಾತು ರಾಘವಪಾಂಡವೀಯದಂತಹ ದ್ವ್ಯರ್ಥಕಾವ್ಯಗಳಿಗೂ ಅನ್ವಯಿಸುತ್ತದೆ. ಇಡೀ ಕಾವ್ಯವೇ ಎರಡರ್ಥದ್ದಾದಾಗ ವಾಚಕನು ಬೆರಗಾಗುತ್ತಾನೆ, ನಗುವುದಿಲ್ಲ. ಚೌಡಯ್ಯನ ಬಲವಿರುವುದು ಅವನ ಮಿತವ್ಯಯದಲ್ಲಿ. ಹರಿತವಾದ ಒಂದು ಪದವನ್ನು ಕೊನೆಯವರೆಗೂ ಬಚ್ಚಿಟ್ಟು, ಸಮಯ ನೋಡಿ ಎಳೆಯುತ್ತಾನೆ.

೫

ಇಪ್ಪತ್ತನೆಯ ಶತಮಾನದಲ್ಲಿ ಕನ್ನಡದ ಹಾಸ್ಯವು ಪತ್ರಿಕೆಗಳಲ್ಲಿಯೂ ರಂಗಭೂಮಿಯಲ್ಲಿಯೂ ಹೊಸ ನೆಲೆಯನ್ನು ಕಂಡುಕೊಂಡಿತು. ವೃತ್ತಿಯಿಂದ ವೈದ್ಯರಾಗಿದ್ದು ‘ರಾಶಿ’ಯೆಂಬ ಹೆಸರಿನಲ್ಲಿ ಬರೆದ ಎಂ. ಶಿವರಾಂ ಅವರು ೧೯೪೨ರಲ್ಲಿ ಆರಂಭಿಸಿದ ಹಾಸ್ಯಪತ್ರಿಕೆಗೆ ಇಟ್ಟ ಹೆಸರು ‘ಕೊರವಂಜಿ’. ಕಣಿ ಹೇಳುವುದು ಕೊರವಂಜಿಯ ಕಸುಬು. ಲೋಕದ ಕೈ ಹಿಡಿದು ಅದರ ಗೆರೆಗಳನ್ನು ಅದಕ್ಕೇ ಓದಿ ಹೇಳುವ ಪತ್ರಿಕೆಗೆ ಆ ಹೆಸರು ಒಪ್ಪಿತ್ತು. ೧೯೬೭ರವರೆಗೆ ನಡೆದ ಆ ಪತ್ರಿಕೆಯು ಒಬ್ಬ ಬಡ ಕಸುಬುದಾರಳ ಹೆಸರನ್ನು ಅವಳನ್ನು ಹಾಸ್ಯಮಾಡಲು ಬಳಸದೆ, ಅವಳ ಸ್ಥಾನದಲ್ಲಿ ತಾನು ನಿಂತು ಉಳಿದವರನ್ನು ನೋಡಲು ಬಳಸಿತೆಂಬುದು ವಿಮರ್ಶಕನು ಗಮನಿಸತಕ್ಕ ಅಂಶ. ನಾ. ಕಸ್ತೂರಿಯವರ ‘ಅನರ್ಥಕೋಶ’ವು ಶಿರೋನಾಮೆಯಲ್ಲಿಯೇ ಶ್ಲೇಷವನ್ನು ಹೊತ್ತು ಬಂದಿತು. ಕೈಲಾಸಂ ಅವರು ‘ಟೊಳ್ಳುಗಟ್ಟಿ’ ಎಂಬ ಹೆಸರಿನಲ್ಲಿ ಎರಡು ವಿರುದ್ಧಾರ್ಥಗಳನ್ನು ಒಂದೇ ಉಸಿರಿಗೆ ಕಟ್ಟಿ ತೋರಿಸಿದರು.

ಆಧುನಿಕ ಕಸುಬುಗಳಿಗೂ ಭಾಷೆಯು ಶ್ಲೇಷದ ಸಾಮಗ್ರಿಯನ್ನು ಒದಗಿಸಿಯೇ ಇದೆ. ‘ಮಂತ್ರಿ’ಯಾದವನಲ್ಲಿ ಮಂತ್ರವಿರಬೇಕು. ಮಂತ್ರಕ್ಕಿಂತ ಉಗುಳೇ ಹೆಚ್ಚೆಂಬ ಗಾದೆಯನ್ನು ನಮ್ಮ ಜನರು ಯಾವ ಸಭೆಯಲ್ಲಿ ನೆನೆಯುತ್ತಾರೆಂಬುದನ್ನು ವಿವರಿಸಬೇಕಾಗಿಲ್ಲ. ‘ತಂತ್ರಜ್ಞ’ನೆಂದರೆ ಯಂತ್ರಗಳ ಕೆಲಸ ಬಲ್ಲವನು, ಹೂಟ ಬಲ್ಲವನೂ ತಂತ್ರಜ್ಞನೇ. ಶಾಲೆಯ ಮೇಷ್ಟರೂ ಮನೆ ಕಟ್ಟುವ ಮೇಸ್ತ್ರಿಯೂ ಕಿವಿಗೆ ಅಣ್ಣತಮ್ಮಂದಿರಂತೆ ಕೇಳಿಸುತ್ತಾರೆ. ಒಂದು ಇಂಗ್ಲಿಷಿನಿಂದ, ಇನ್ನೊಂದು ಪೋರ್ತುಗೀಸಿನಿಂದ ಬಂದ ಪದವಾದರೂ ಎರಡರ ಮೂಲವೂ ಲ್ಯಾಟಿನ್ನಿನ ಒಂದೇ ಪದ. ಕಟ್ಟಡ ಬಿದ್ದರೆ ಮೇಸ್ತ್ರಿಯನ್ನು ಹುಡುಕುತ್ತಾರೆ, ಹುಡ್ಡ ಹುಡುಗ ಬಿದ್ದರೆ ಮೇಷ್ಟರನ್ನು ಹುಡುಕುತ್ತಾರೆ. ಪತ್ರಿಕೆಯ ‘ಸಂಪಾದಕ’ನ ಪಾಡಂತೂ ಎಲ್ಲರಿಗೂ ತಿಳಿದುದೇ. ಸಂಪಾದನೆಯೆಂದರೆ ಗಳಿಕೆ, ಸಂಪಾದನೆಯೆಂದರೆ ಗ್ರಂಥವನ್ನು ಪರಿಷ್ಕರಿಸಿ ಒಪ್ಪಗೊಳಿಸುವುದು. ಎರಡನೆಯ ಸಂಪಾದನೆ ಬೆಳೆದಂತೆಲ್ಲ ಮೊದಲನೆಯದು ಕ್ಷಯಿಸುವುದು ಕನ್ನಡದ ಅನುಭವ. ‘ಶೂನ್ಯಸಂಪಾದನೆ’ಯೆಂಬ ಮಹಾಗ್ರಂಥದ ಹೆಸರನ್ನು ಕೇಳಿ, ಅದರ ಅಧ್ಯಾತ್ಮವನ್ನು ಅರಿತಿದ್ದೂ ಒಂದು ಕ್ಷಣ ತನ್ನ ಲೆಕ್ಕಪತ್ರವನ್ನು ನೆನೆದು ಮುಗುಳ್ನಗುವ ಸಂಪಾದಕನನ್ನು ಯಾರೂ ಅಭಕ್ತನೆನ್ನಲಾರರು. ಶೂನ್ಯವನ್ನು ಗಳಿಸುವುದೆಂಬ ಆ ವಿರೋಧಾಭಾಸವು ಗಂಭೀರವಾದುದಾದರೂ ವಿನೋದಕ್ಕೆ ಬಾಗಿಲು ಮುಚ್ಚಿದುದಲ್ಲ. ಇಲ್ಲಿ ನಗುವವನೇ ನಗೆಯ ಗುರಿಯೂ ಆಗಿದ್ದಾನೆ.

ಆದರೆ ಹೊಸ ಕಾಲದ ವೃತ್ತಿಹಾಸ್ಯದಲ್ಲಿ ಅಕ್ಕಸಾಲಿಯ ಗಾದೆಯ ಸಂತತಿಯೂ ಹುಲುಸಾಗಿ ಬೆಳೆದಿದೆ. ವೇದಿಕೆಯ ಹಾಸ್ಯವು ವೈದ್ಯರು, ವಕೀಲರು, ಅಧಿಕಾರಿಗಳು ಮೊದಲಾದ ಬಲ್ಲಿದರನ್ನು ಕುರಿತಾಗ ಅವರು ಸಭೆಯ ಮುಂದಿನ ಸಾಲಿನಲ್ಲಿಯೇ ಕುಳಿತು ನಗಬಲ್ಲರು, ಮರುದಿನ ಅವರ ಉದ್ಯೋಗಕ್ಕೆ ಅದರಿಂದ ಕುಂದಿಲ್ಲ. ಅದೇ ಹಾಸ್ಯವು ಕಸ ಗುಡಿಸುವವನನ್ನೋ ಮನೆಗೆಲಸದವಳನ್ನೋ ಕುರಿತಾಗ, ಅವರು ಆ ಸಭೆಯಲ್ಲಿಯೇ ಇರುವುದಿಲ್ಲ. ಇಲ್ಲದವರ ಬೆನ್ನ ಹಿಂದೆ ಹುಟ್ಟುವ ನಗೆಯನ್ನು ಶ್ಲೇಷದ ಚಾತುರ್ಯವು ಶುದ್ಧಿಗೊಳಿಸಲಾರದು. ಚಮತ್ಕಾರವು ಎಷ್ಟೇ ಇರಲಿ, ಆ ಕಸುಬಿನವನು ಎದುರಿಗಿದ್ದರೆ ಈ ಮಾತನ್ನು ಆಡಬಹುದಿತ್ತೇ, ಆಡಿದ್ದರೆ ಅವನೂ ನಗುತ್ತಿದ್ದನೇ ಎಂಬ ಒಂದೇ ಪ್ರಶ್ನೆ ಅದರ ಬೆಲೆಯನ್ನು ನಿರ್ಣಯಿಸುತ್ತದೆ.

೬

ಕಡೆಯದಾಗಿ ಒಂದು ಆತಂಕವನ್ನು ವಿಚಾರವಂತರ ಮುಂದಿಡಬೇಕಾಗಿದೆ. ವೃತ್ತಿಶ್ಲೇಷವು ಅರ್ಥವಾಗಬೇಕಾದರೆ ಕೇಳುಗನಿಗೆ ವೃತ್ತಿಯ ಪರಿಚಯವಿರಬೇಕು. ಹೊಳೆಗಳ ಮೇಲೆ ಸೇತುವೆಗಳಾದವು, ಹುಟ್ಟು ಹಾಕುವವರು ವಿರಳರಾದರು. ಎತ್ತಿನ ಗಾಣಗಳು ನಿಂತವು, ಕೈಮಗ್ಗಗಳು ಕಡಮೆಯಾದವು, ಹುರಿ ಹೊಸೆಯುವುದನ್ನು ಕಾಣದ ಮಕ್ಕಳು ನುಲಿಯ ಚಂದಯ್ಯನ ಪಾಠವನ್ನೋದುತ್ತಾರೆ. ಪಟ್ಟಣದ ವಿದ್ಯಾರ್ಥಿಗೆ ‘ಹುಟ್ಟು’ ಎಂದರೆ ಜನ್ಮವೊಂದೇ. ಎರಡನೆಯ ಅರ್ಥ ಸತ್ತಾಗ ಶ್ಲೇಷ ಸಾಯುತ್ತದೆ, ಅದರೊಡನೆ ಚೌಡಯ್ಯನ ನಗೆಯೂ ಸಾಯುತ್ತದೆ. ಉಳಿಯುವುದು ಉಪದೇಶವೊಂದೇ.

ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದಂದಿನಿಂದ, ೧೯೯೩ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು ಪ್ರಕಟವಾಗುವವರೆಗೆ, ಪಾಠಗಳನ್ನು ಕೂಡಿಸುವ ಮಹತ್ಕಾರ್ಯವು ಬಹುಮಟ್ಟಿಗೆ ನೆರವೇರಿದೆ. ಪಾರಿಭಾಷಿಕ ಪದಗಳಿಗೆ, ಎಂದರೆ ತತ್ತ್ವದ ಪದಗಳಿಗೆ, ವಿದ್ವಾಂಸರು ಶ್ರಮವಹಿಸಿ ಅರ್ಥ ಬರೆದಿದ್ದಾರೆ. ಅಷ್ಟೇ ಶ್ರದ್ಧೆಯು ಕಸುಬಿನ ಪದಗಳಿಗೂ ಸಲ್ಲಬೇಕಾಗಿದೆ. ಅಂಗ, ಲಿಂಗ, ಸ್ಥಲಗಳ ಅರ್ಥವನ್ನು ಗ್ರಂಥಗಳಿಂದ ತಿಳಿಯಬಹುದು. ಹುಟ್ಟು, ಹುರಿ, ಲಾಳಿ, ಕುಂಟೆಗಳ ಅರ್ಥವನ್ನು ಆ ಕಸುಬಿನ ಹಿರಿಯರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಟಿಪ್ಪಣಿ ಹಾಕಿದ ಶ್ಲೇಷವು ನಗೆಯನ್ನು ಹುಟ್ಟಿಸದೆಂಬುದು ನಿಜ. ಆದರೂ ಅರ್ಥವನ್ನು ಮೊದಲೇ ಕಲಿತು ಬಂದ ವಾಚಕನಿಗೆ ವಚನವನ್ನು ಓದುವ ಕ್ಷಣದಲ್ಲಿ ಎರಡೂ ಅರ್ಥಗಳು ಒಟ್ಟಿಗೆ ಹೊಳೆಯುವ ಸಂಭವವಿರುತ್ತದೆ. ಉಪಾಧ್ಯಾಯರು ಚೌಡಯ್ಯನ ವಚನವನ್ನು ಪಾಠಮಾಡುವ ದಿನ ಸಂಸಾರಸಾಗರದ ವಿವರಣೆಗೆ ತೊಡಗುವ ಮುನ್ನ, ದೋಣಿಯ ಹುಟ್ಟು ಹೇಗಿರುತ್ತದೆ, ಅದನ್ನು ಯಾವ ಬದಿಗೆ ಹೇಗೆ ಹಾಕುತ್ತಾರೆ ಎಂಬುದನ್ನು ಎರಡು ಮಾತಿನಲ್ಲಿ ಹೇಳಿದರೆ ಸಾಕು. ಉಳಿದುದನ್ನು ಅಂಬಿಗನೇ ನೋಡಿಕೊಳ್ಳುತ್ತಾನೆ.